ಹಸಿರು ಬಟ್ಟೆಯ ಬಾಗಿಲು

ಹೋಲ್ಟ್‌ವುಡ್ ಹಾಲ್, ಶ್ರಾಪ್‌ಷೈರ್
ಸೋಮವಾರ, ೧೩ ಅಕ್ಟೋಬರ್ ೧೮೭೩

ಪ್ರೀತಿಯ ಆಂಬ್ರೋಸ್,

ನಿನ್ನ ಕೆಮ್ಮು ಹೇಗಿದೆ ಮಗೂ? ಎದೆಗೆ ಉಣ್ಣೆ ಸುತ್ತಿಕೊಳ್ಳುತ್ತೀಯೋ, ಇಲ್ಲಾ ಡಾಕ್ಟರಾದ ಮೇಲೆ ಅಮ್ಮನ ಮಾತು ಬೇಡವಾಯಿತೋ? ಅಕ್ಷರ ಸೊಟ್ಟಗಿದ್ದರೆ ನಗಬೇಡ, ಅವಸರದಲ್ಲಿ ಬರೆಯುತ್ತಿದ್ದೇನೆ. ಕೆಳಗೆ ನಿನ್ನಪ್ಪ ಕೂಗಾಡುತ್ತಿದ್ದಾರೆ. ಡೋರಾ ಮನೆಯಲ್ಲಿಲ್ಲ.

ಐವತ್ತು ದಾಟಿದ ಸರ್ ಹ್ಯೂಬರ್ಟ್‌ಗೆ ನಿನ್ನ ತಂಗಿಯನ್ನು ಕೊಡುತ್ತೇನೆಂದು ಅಪ್ಪ ಮಾತು ಕೊಟ್ಟದ್ದು ನಿನಗೆ ಗೊತ್ತು. ಅವಳು ಒಲ್ಲೆನೆಂದಳು. ಅಂದಿನಿಂದ ಈ ಮನೆಯೇ ಅವಳಿಗೆ ಕಾವಲು. ಹೆಣ್ಣುಮಕ್ಕಳ ಮೆಟ್ಟಿಲು ನಮ್ಮ ಕೋಣೆಯ ಮುಂದೆಯೇ ಇಳಿಯಬೇಕು, ಗಂಡು ಅತಿಥಿಗಳದ್ದು ಆಚೆ ತುದಿಯ ಗೋಪುರದಲ್ಲಿ. ಈ ಮನೆಯ ನಕ್ಷೆ ಬರೆಸುವಾಗ ಅಪ್ಪನ ಜಂಬ ನೋಡಬೇಕಿತ್ತು! ಆದರೆ ಆಳುಗಳು ನಮ್ಮ ಕಣ್ಣಿಗೆ ಬೀಳದೆ ಓಡಾಡಲೆಂದು ಹಸಿರು ಬಟ್ಟೆ ಹೊದಿಸಿದ ಬಾಗಿಲ ಹಿಂದೆ ಇನ್ನೊಂದು ಮೆಟ್ಟಿಲು ಇಡಿಸಿದ್ದರಲ್ಲ, ಅದು ಅವರಿಗೆ ನೆನಪೇ ಆಗಲಿಲ್ಲ. ನಮ್ಮಲ್ಲಿ ಯಾರು ಆ ಬಾಗಿಲು ದಾಟಿದ್ದೇವೆ?

ಬೆಳಗಿನ ಪ್ರಾರ್ಥನೆಗೆ ಆಳುಗಳೆಲ್ಲ ಎಂದಿನಂತೆ ಊಟದ ಕೋಣೆಯಲ್ಲಿ ಮಂಡಿಯೂರಿದ್ದರು. ತಲೆನೋವೆಂದು ನಾನು ಮೇಲೇ ಇದ್ದೆ. ಡೋರಾಳ ಕೋಣೆ ಖಾಲಿ, ಹಸಿರು ಬಾಗಿಲು ಇನ್ನೂ ಅಲ್ಲಾಡುತ್ತಿತ್ತು. ಅವಳ ಹಿಂದೆಯೇ ಇಳಿದೆ. ಕೆಳಗೆ ಒಂದೇ ಥರದ ಬಾಗಿಲುಗಳು, ಕತ್ತಲೆ ಓಣಿಗಳು. ದೀಪ ಒರೆಸುವ ಕೋಣೆಯಲ್ಲಿ ಪೆಟ್ಟಿಗೆ ತಬ್ಬಿಕೊಂಡು ನಿಂತಿದ್ದಳು, ದಾರಿ ತಪ್ಪಿ! “ತಡೀಬೇಡ ಅಮ್ಮಾ. ಹೊರಗೆ ಹೋಗೋ ಬಾಗಿಲು ಯಾವ್ದು, ಅಷ್ಟು ಹೇಳು” ಎಂದಳು. “ನಂಗೇನೇ ಗೊತ್ತು? ನಾನು ಈ ಮನೆ ಯಜಮಾನಿ ಕಣೇ!” ಎಂದುಬಿಟ್ಟೆ.

ಗೋಡೆಯಾಚೆ ಅಪ್ಪನ ಪ್ರಾರ್ಥನೆ ಮುಗಿಯುತ್ತ ಬಂದಿತ್ತು. ಆಮೆನ್ ಅಂದರೆ ಸಾಕು, ಆಳುಗಳೆಲ್ಲ ಆ ಓಣಿಗೇ ನುಗ್ಗುತ್ತಾರೆ. ಅವಳನ್ನು ತಡೆಯಲೆಂದೇ ಹೋದವಳು ನಾನು. ಆದರೆ ಅವಳ ಮುಖ ನೋಡಿದೆ. ನನ್ನ ಮದುವೆಯ ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ನನ್ನ ಮುಖವೇ ಅದು, ಆಂಬ್ರೋಸ್. ಅವಳ ಕೈ ಹಿಡಿದು ಓಡಿದೆ. ಹಂದಿಮಾಂಸ ಹುರಿದ ವಾಸನೆ ಬಂತು. ವಾಸನೆ ನಮಗೆ ತಾಗಬಾರದೆಂದು ಅಪ್ಪ ಎಲ್ಲೋ ಮೂಲೆಗೆ ಹಾಕಿಸಿದ ಅಡುಗೆಮನೆ! ಅದರ ಜಾಡು ಹಿಡಿದೇ ಹಿತ್ತಲ ಬಾಗಿಲು ಸಿಕ್ಕಿತು. ಅವಳನ್ನು ಕಳಿಸಿ ಚಿಲಕ ಹಾಕಿ ತಿರುಗಿದರೆ ಪ್ರಾರ್ಥನೆ ಮುಗಿಸಿ ಬಂದ ಅಡುಗೆಯ ಮಿಸೆಸ್ ಪೆಕ್ ನಿಂತಿದ್ದಾಳೆ. “ಮೆಟ್ಲು ಈ ಕಡೆ, ಅಮ್ಮಾವ್ರೇ” ಎಂದಳು, ಅಷ್ಟೆ.

ಯಾರೋ ಗಂಡು ಅತಿಥಿಯ ಕೈವಾಡವೆಂದು ಅಪ್ಪ ಗೋಪುರವನ್ನೆಲ್ಲ ಜಾಲಾಡಿಸುತ್ತಿದ್ದಾರೆ, ರೈಲು ನಿಲ್ದಾಣಕ್ಕೂ ಜನ ಹೋಗಿದ್ದಾರೆ. ಈ ಕಾಗದ ಅವರ ಟಪಾಲು ಚೀಲಕ್ಕೆ ಬೀಳುವುದಿಲ್ಲ, ಮಿಸೆಸ್ ಪೆಕ್ ಕೈಯಲ್ಲಿ ಬರುತ್ತದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಹ್ಯಾರಿಯೆಟ್

ಮರೆತಿದ್ದೆ: ಡೋರಾ ನಿನ್ನ ಹಳೇ ದಾದಿ ನ್ಯಾನ್ಸಿಯ ಮನೆಯಲ್ಲಿದ್ದಾಳೆ. ಗುರುವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನೀನೇ ಅಲ್ಲಿಗೆ ಗಾಡಿ ತಾ. ಮೂವರಿಗೆ ಜಾಗವಿರಲಿ. ಈಗ ನನಗೂ ದಾರಿ ಗೊತ್ತು.