ನಾನು ಹೇಳಿ ಬರೆಸಿದ ಪುಟ

ಚಂದ್ರಾ ಲೇಔಟ್, ಬೆಂಗಳೂರು
ಕಾರ್ತಿಕದ ಮೂರನೇ ಸೋಮವಾರ, ೧೮-೧೧-೨೦೨೪

ಪ್ರೀತಿಯ ಕಾಂತು,

ಅಕ್ಕನ ಆಶೀರ್ವಾದ. ಹೇಗಿದ್ದೀಯ? ಶಿರಾ ಕಡೆ ಈಗ ಬೆಳಗಿನ ಹೊತ್ತು ಚಳಿ ಬಿದ್ದಿರಬೇಕು. ಕಳಿಸಿದ ಸ್ವೆಟರ್ ಹಾಕಿಕೊಳ್ತಾ ಇದ್ದೀಯೋ, ಇಲ್ಲ ಹೋದ ವರ್ಷದ ಹಾಗೆ ಯಾರಿಗೋ ಕೊಟ್ಟುಬಿಟ್ಟೆಯೋ? ಮಾತ್ರೆ ನುಂಗಿದ ಮೇಲೆ ಕೈ ನಡುಗುತ್ತೆ ಅಂತ ಬರೆದಿದ್ದೆ. ಡಾಕ್ಟರು ಆಶ್ರಮಕ್ಕೆ ಬಂದಾಗ ನಾಚಿಕೊಳ್ಳದೆ ಹೇಳು, ನೀನಾಗಿ ಕಮ್ಮಿ ಮಾಡಿಕೊಳ್ಳಬೇಡ. ಅಡುಗೆಯ ನಾಣಿ ಇನ್ನೂ ಸಾರಿಗೆ ಎರಡು ಸಲ ಉಪ್ಪು ಹಾಕ್ತಾನಾ? ಅಲ್ಲಿಯ ಪಂಪ್‌ಸೆಟ್ಟನ್ನು ನೀನೇ ಬಿಚ್ಚಿ ಸರಿ ಮಾಡಿದ್ದನ್ನು ಓದಿ ನಿನ್ನ ಭಾವ ಕೆಳಗಡೆ ಮನೆಯವರಿಗೂ ಹೇಳಿ ಬಂದರು. ಅವರು ಬಾಯಿಬಿಟ್ಟು ಹೊಗಳುವ ಮನುಷ್ಯ ಅಲ್ಲ, ನಿನಗೆ ಗೊತ್ತಲ್ಲ.

ನಾವೆಲ್ಲ ಕ್ಷೇಮ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ಆಂಜನೇಯನ ಗುಡಿಗೆ ಹೂವು ಕಟ್ಟಿಕೊಡೋದು ನಿಲ್ಲಿಸಿಲ್ಲ, ನೆಲದ ಮೇಲೆ ಕೂರೋ ಬದಲು ಸ್ಟೂಲಿನ ಮೇಲೆ ಕೂತು ಕಟ್ತೀನಿ. ದೇವರಿಗೆ ಅದೇನೂ ಬೇಜಾರಿಲ್ಲ ಅಂದುಕೊಂಡಿದ್ದೀನಿ. ದೀಪ್ತಿಗೆ ಒಂದು ಸಂಬಂಧ ಬಂದಿದೆ. ರಾಜಾಜಿನಗರದವರು, ಹುಡುಗನ ಹೆಸರು ಜೀವನ್, ಕಾಲೇಜಿನಲ್ಲಿ ಪಾಠ ಹೇಳ್ತಾನೆ. ಹುಡುಗ ಹುಡುಗಿ ಮೊದಲೇ ಮಾತಾಡಿ ಒಪ್ಪಿಕೊಂಡಿದ್ದಾರೆ, ನಮ್ಮದು ಶಾಸ್ತ್ರಕ್ಕೆ. ಗುರುವಾರ ಹುಡುಗನ ಅಪ್ಪ ಅಮ್ಮ ಮನೆಗೆ ಬರ್ತಾರೆ. ಇದನ್ನು ಮೊದಲೇ ಬರೆದಿಟ್ಟೆ, ಯಾಕಂದರೆ ಮುಂದೆ ಬರೆಯೋದಕ್ಕೆ ಇದೂ ಸೇರಿಕೊಳ್ಳುತ್ತೆ.

ನೀನು ಮೊಬೈಲ್ ಇಟ್ಟುಕೊಳ್ಳಲ್ಲ. ಆಶ್ರಮದ ಆಫೀಸಿಗೆ ಫೋನು ಮಾಡಿ ನಿನ್ನ ಕರೆಸಬಹುದಿತ್ತು, ಆದರೆ ಅಲ್ಲಿ ನಾಲ್ಕು ಜನ ಕೂತಿರ್ತಾರೆ. ಇದು ನಾಲ್ಕು ಜನ ಕೇಳೋ ಮಾತಲ್ಲ. ಕಾಗದ ಆದರೆ ಎರಡು ಸಲ ಓದಬಹುದು ಅಂತ ನೀನೇ ಹೇಳಿದ್ದೆ. ಇದನ್ನು ಎರಡು ಸಲ ಓದು.

ಹೋದ ಮಂಗಳವಾರ ಒಂದು ಹುಡುಗಿ ಫೋನು ಮಾಡಿ, ಕಾಂತರಾಜು ಅವರ ಅಕ್ಕ ಕುಸುಮಾ ಅವರಾ ಅಂದಳು. ನೀನು ಮೊದಲ ಸಲ ಸೇರಿದ್ದ ಆಸ್ಪತ್ರೆಯಿಂದ ಅಂದಾಗ ನಿನಗೇನೋ ಆಗಿದೆ ಅಂದುಕೊಂಡೆ. ಏನೂ ಆಗಿಲ್ಲ ಆಂಟಿ, ಹಳೇ ಫೈಲಿನ ವಿಷಯ ಅಂದಳು. ಅವಳ ಹೆಸರು ರಾಗಿಣಿ, ಅಲ್ಲಿ ಸಂಶೋಧನೆ ಕೆಲಸಕ್ಕೆ ಇದ್ದಾಳೆ. ಫೋನಿನಲ್ಲಿ ನನಗೆ ಅರ್ಥ ಆಗದೆ ಶುಕ್ರವಾರ ನಾನೇ ಹೋದೆ. ಅದೇ ಗೇಟು, ಅದೇ ಉದ್ದನೆಯ ಬೆಂಚು, ಬಣ್ಣ ಮಾತ್ರ ಬೇರೆ ಹೊಡೆದಿದ್ದಾರೆ.

ವಿಷಯ ಇಷ್ಟು. ಹಳೇ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಹಾಕ್ತಾ ಇದ್ದಾರೆ, ಸಾವಿರಾರು ಜನರದ್ದು. ಯಾವ ಮಾತ್ರೆ ಯಾರಿಗೆ ಹಿಡಿಸಿತು, ಯಾರಿಗೆ ಎಷ್ಟು ವರ್ಷಕ್ಕೆ ಕಾಯಿಲೆ ತಿರುಗಿ ಬಂತು, ಒಂದೇ ಮನೆಯಲ್ಲಿ ಇಬ್ಬರಿಗೆ ಬಂದಿದ್ದರೆ ಹೇಗೆ, ಒಬ್ಬರಿಗೇ ಬಂದಿದ್ದರೆ ಹೇಗೆ, ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡ್ತಾರಂತೆ. ಮುಂದೆ ಬರೋ ರೋಗಿಗಳಿಗೆ ಉಪಯೋಗ ಆಗುತ್ತೆ ಅಂದರು. ಹೆಸರು, ವಿಳಾಸ, ಫೋನ್ ನಂಬರು ತೆಗೆದು ಅದರ ಜಾಗಕ್ಕೆ ಒಂದು ಸಂಖ್ಯೆ ಹಾಕ್ತಾರೆ. ಹುಟ್ಟಿದ ತಾರೀಕು ಹೋಗಿ ಬರೀ ವಯಸ್ಸು ಉಳಿಯುತ್ತೆ. ನಮ್ಮ ಹಳೇ ಬಾಪೂಜಿನಗರ ಅನ್ನೋದು ಬರೀ ಬೆಂಗಳೂರು ಅಂತ ಆಗುತ್ತೆ. ಯಾವ ಸಂಖ್ಯೆ ಯಾರದ್ದು ಅನ್ನೋ ಪಟ್ಟಿ ಬೇರೆ ಕಡೆ ಬೀಗದೊಳಗೆ ಇರುತ್ತೆ. ಆದರೂ ನಿನ್ನನ್ನು ಕೇಳದೆ ನಿನ್ನ ಫೈಲು ಸೇರಿಸೋದಿಲ್ಲ. ನೀನು ಈಗ ಹುಷಾರಾಗಿರೋದರಿಂದ ಒಪ್ಪಿಗೆ ನಿನ್ನದೇ ಆಗಬೇಕು, ನನ್ನ ಸಹಿ ನಡೆಯಲ್ಲ ಅಂದಳು.

ಹಾಗಾದರೆ ಫೈಲು ತೋರಿಸಮ್ಮ, ನೋಡಿ ಅವನಿಗೆ ಬರೀತೀನಿ ಅಂದೆ. ನಿಮ್ಮ ತಮ್ಮ ಹೂಂ ಅನ್ನದೆ ನಿಮಗೂ ತೋರಿಸೋ ಹಾಗಿಲ್ಲ ಆಂಟಿ, ಆವಾಗ ಡಾಕ್ಟರಿಗೆ ನೀವು ಹೇಳಿ ಬರೆಸಿದ ಪುಟ ಮಾತ್ರ ನೋಡಬಹುದು ಅಂದಳು. ಮೊದಲು ಸಿಟ್ಟು ಬಂತು. ನಿನ್ನನ್ನು ಆಟೋದಲ್ಲಿ ಹಿಡಿದು ಕೂರಿಸಿಕೊಂಡು ಬಂದವಳು ನಾನು, ಹದಿನೇಳು ದಿನ ಆ ಬೆಂಚಿನ ಮೇಲೆ ಮಲಗಿದವಳು ನಾನು, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ನನಗೆ ಇಲ್ಲ ಅಂತಾಳೆ. ಆಮೇಲೆ ಯೋಚಿಸಿದರೆ ಸರಿ ಅನ್ನಿಸಿತು. ನಿನ್ನದು ಅನ್ನೋದಕ್ಕೆ ಒಂದು ಬೀಗ ಹಾಕಿದ್ದಾರೆ, ಅದು ನನಗೂ ತೆರೆಯಲ್ಲ. ನಿನ್ನ ಪರವಾಗಿ ಯಾರಾದರೂ ಹಾಗೆ ಬಾಗಿಲಲ್ಲಿ ನಿಂತದ್ದು ನಾನು ಅದೇ ಮೊದಲು ನೋಡಿದ್ದು.

ನಿನಗೆ ಆವಾಗ ಇದ್ದ ದೊಡ್ಡ ಹೆದರಿಕೆ ಯಾವುದು ಅಂತ ನನಗೆ ಮರೆತಿಲ್ಲ. ಯಾರೋ ನನ್ನ ಮಾತೆಲ್ಲ ಬರ್ಕೋತಾ ಇದಾರೆ ಅಕ್ಕ, ಆಮೇಲೆ ರೇಡಿಯೋದಲ್ಲಿ ಓದ್ತಾರೆ, ಅಂತಿದ್ದೆ. ನಾನು ಕರ್ಪೂರ ಹಚ್ಚಿ, ಸಾವನದುರ್ಗದ ನರಸಿಂಹಸ್ವಾಮಿ ಮೇಲೆ ಆಣೆ, ಯಾರೂ ಬರ್ಕೋತಾ ಇಲ್ಲ ಅಂದಿದ್ದೆ. ಅದೇ ಆಸ್ಪತ್ರೆಯಲ್ಲಿ, ಅದೇ ವಾರ, ನಾನೇ ಕೂತು ಹೇಳ್ತಾ ಇದ್ದೆ, ಡಾಕ್ಟರು ಬರ್ಕೋತಾ ಇದ್ದರು. ಅದು ಮೋಸ ಅಂತ ನನಗೆ ಆಗ ತಲೆಗೇ ಹೋಗಲಿಲ್ಲ. ರೇಡಿಯೋ ಒಂದು ಬಿಟ್ಟರೆ ನೀನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ.

ಪುಟ ಇಂಗ್ಲಿಷಿನಲ್ಲಿತ್ತು, ರಾಗಿಣಿ ಕನ್ನಡದಲ್ಲಿ ಓದಿದಳು. ಹೆಸರು ತೆಗೆದರೆ ಹೇಗೆ ಕಾಣುತ್ತೆ ತೋರಿಸು ಅಂದೆ. ಒಂದು ಜೆರಾಕ್ಸ್ ತೆಗೆದು ಕಪ್ಪು ಪೆನ್ನಿನಿಂದ ನಿನ್ನ ಹೆಸರು, ನನ್ನ ಹೆಸರು, ಬಾಪೂಜಿನಗರ, ಅಪ್ಪ ತಿಮ್ಮಯ್ಯ ಅನ್ನೋದು ಎಲ್ಲ ಬಳಿದಳು. ಉಳಿದದ್ದು ಓದು ಅಂದೆ. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ, ಗಿರಾಕಿಗಳ ಹನ್ನೊಂದು ರೇಡಿಯೋಗಳ ಸ್ಪೀಕರ್ ಬಿಚ್ಚಿ ಹೊಂಗೆ ಮರದ ಕೆಳಗೆ ಹೂತಿಟ್ಟ, ಅಂತ ಓದಿದಳು. ನಾನು ಅಂದೆ, ಹೆಸರು ಅಳಿಸಿ ಮನುಷ್ಯನ್ನ ಅಲ್ಲೇ ಬಿಟ್ಟಿದ್ದೀಯಲ್ಲಮ್ಮ. ಮೈಸೂರು ರಸ್ತೆಯಲ್ಲಿ ನಲವತ್ತು ದಾಟಿದವರು ಯಾರಿಗೇ ಇದನ್ನು ಓದಿ ಹೇಳಿದರೂ, ಓ ನಮ್ಮ ಕಾಂತರಾಜು ಅಂತಾರೆ. ಸ್ಪೀಕರ್ ಕಳಕೊಂಡ ಹನ್ನೊಂದು ಮನೆಯವರಂತೂ ಖಂಡಿತ.

ಅವಳು ಪೆನ್ನು ಕೆಳಗಿಟ್ಟು ಡಾಕ್ಟರ್ ಸತ್ಯವತಿ ಅನ್ನೋರನ್ನ ಕರೆದುಕೊಂಡು ಬಂದಳು. ಈ ಕೆಲಸಕ್ಕೆಲ್ಲ ಅವರೇ ಮೇಲಿನವರು. ಅವರು ಓದಿ, ಇವರು ಹೇಳೋದು ಸರಿ, ಹೆಸರಿಲ್ಲದೇ ಇದ್ದರೂ ಗುರುತು ಸಿಗೋ ಸಂಗತಿಗಳೂ ಹೋಗಬೇಕು, ಕಂಪ್ಯೂಟರು ಹೆಸರನ್ನ ಹುಡುಕುತ್ತೆ, ಇಂಥದ್ದನ್ನ ಒಬ್ಬರು ಕೂತು ಓದಲೇಬೇಕು ಅಂದರು. ಗಿರಾಕಿಗಳ ವಸ್ತುಗಳನ್ನು ಹಾಳುಮಾಡಿದ, ಅಂತ ಇರಲಿ ಅಂದರು. ನಾನು ಅದಕ್ಕೂ ಒಪ್ಪಲಿಲ್ಲ. ಹಾಳುಮಾಡಲಿಲ್ಲ ಡಾಕ್ಟ್ರೇ, ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದಾರ ಕಟ್ಟಿ ಇಟ್ಟಿದ್ದ, ಮಳೆ ನೀರು ಹೋಗಬಾರದು ಅಂತ, ಹುಷಾರಾದ ಮೇಲೆ ಎಲ್ಲ ತೆಗೆದು ಜೋಡಿಸಿಕೊಟ್ಟ ಅಂದೆ. ಅವರು ನಕ್ಕರು. ಕೊನೆಗೆ, ಗಿರಾಕಿಗಳ ವಸ್ತುಗಳನ್ನು ಜೋಪಾನವಾಗಿ ಬಚ್ಚಿಟ್ಟ, ಅಂತ ಆಯಿತು. ನಿನ್ನ ಗುರುತು ಹೋಗಬೇಕು, ಆದರೆ ನಿನ್ನ ಮೇಲೆ ಇಲ್ಲದ್ದು ಬರಬಾರದು. ಇಷ್ಟು ಮಾಡಿಸಿದೆ. ನೀನು ಇದ್ದಿದ್ದರೆ ಇನ್ನೂ ನಾಲ್ಕು ತಪ್ಪು ಹುಡುಕ್ತಿದ್ದೆ.

ಆಮೇಲೆ ರಾಗಿಣಿ ಓದುತ್ತಾ ಅದೇ ಪುಟದ ಕೆಳಗೆ ಬಂದಳು. ಮನೆಯಲ್ಲಿ ಬೇರೆ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತೇ? ಯಾರಿಗೂ ಇಲ್ಲ ಎಂದು ಅಕ್ಕ ಹೇಳಿದರು. ಅದರ ಕೆಳಗೆ ಇನ್ನೊಂದು ಸಾಲು. ಇದೇ ಪ್ರಶ್ನೆಯನ್ನು ರೋಗಿಗೆ ಕೇಳಲಾಯಿತು. ಉತ್ತರ ಕೊಡಲಿಲ್ಲ, ಅಕ್ಕನ ಮುಖವನ್ನೇ ನೋಡುತ್ತಿದ್ದ. ಪ್ರಶ್ನೆ ಕೇಳಿದರೆ ಮಾತಾಡದೇ ಇರೋದನ್ನ ಕಾಯಿಲೆಯ ಲಕ್ಷಣದಲ್ಲಿ ಸೇರಿಸ್ತಾರೆ ಆಂಟಿ, ಅದಕ್ಕೆ ಬೇರೆ ಕಾಲಮ್ಮೇ ಇದೆ ಅಂದಳು. ಮನೆಯಲ್ಲಿ ಯಾರಿಗೂ ಇಲ್ಲ ಅಂತ ಇರೋದರಿಂದ ನಿನ್ನ ಫೈಲು ಒಬ್ಬರಿಗೇ ಬಂದವರ ಗುಂಪಿಗೆ ಹೋಗುತ್ತೆ ಅಂತಲೂ ಹೇಳಿದಳು.

ಕಾಂತು, ಆ ದಿನ ನೀನು ನನ್ನ ಮುಖ ಯಾಕೆ ನೋಡಿದೆ ಅಂತ ನಮ್ಮಿಬ್ಬರಿಗೆ ಗೊತ್ತು. ದೀಪ್ತಿ ಹುಟ್ಟಿದ ಮೇಲೆ ಎಂಟು ತಿಂಗಳು ನಾನು ಗೋಡೆ ನೋಡಿಕೊಂಡು ಕೂತಿದ್ದೆ. ಮಗು ನನ್ನದಲ್ಲ, ಬದಲಾಯಿಸಿದ್ದಾರೆ ಅಂತಿದ್ದೆ, ಎತ್ತಿಕೊಳ್ಳಲಿಲ್ಲ. ನಮ್ಮತ್ತೆ ಬೀದಿಯವರಿಗೆಲ್ಲ ಸೊಸೆಗೆ ಕಾಮಾಲೆ ಅಂತ ಹೇಳಿದರು. ನೀನು ಇಪ್ಪತ್ತು ವರ್ಷದ ಹುಡುಗ, ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಒಳಲೆಯಲ್ಲಿ ಹಾಲು ಕುಡಿಸ್ತಿದ್ದೆ. ಬರುವಾಗ ಕಾಮಾಲೆಗೆ ಕೊಡೋ ನೆಲನೆಲ್ಲಿ ಸೊಪ್ಪನ್ನು ಬೀದಿಯವರಿಗೆಲ್ಲ ಕಾಣೋ ಹಾಗೆ ಕೈಯಲ್ಲಿ ಹಿಡಿದು ಬರ್ತಿದ್ದೆ. ಒಳಗೆ ಬಂದ ಮೇಲೆ ಅದನ್ನು ಹಸುವಿಗೆ ಹಾಕ್ತಿದ್ದೆ. ನಮ್ಮಮ್ಮ ಪಾಪಮ್ಮ ಕದ್ದುಮುಚ್ಚಿ ರಾಜಾಜಿನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಾತ್ರೆ ಕೊಡಿಸದಿದ್ದರೆ ನಾನು ಎದ್ದು ಓಡಾಡ್ತಿರಲಿಲ್ಲ. ಅದಾದ ಐದು ವರ್ಷಕ್ಕೆ ನಿನಗೆ ಬಂತು. ಡಾಕ್ಟರು ಕೇಳಿದಾಗ ಯಾರಿಗೂ ಇಲ್ಲ ಅಂದೆ. ಅತ್ತೆ ಬದುಕಿದ್ದರು, ದೀಪ್ತಿಗೆ ಐದು ವರ್ಷ, ನಾಳೆ ಇವಳ ಮದುವೆ ಅನ್ನೋದು ತಲೆಯಲ್ಲಿತ್ತು. ನಿನ್ನ ತಲೆಯೊಳಗೆ ರೇಡಿಯೋ ಕೂಗ್ತಾ ಇದ್ದ ಹೊತ್ತಲ್ಲಿ ನೀನು ನನ್ನ ಮಾತು ಕಾಪಾಡಿದೆ. ಅದನ್ನ ಅವರು ಕಾಯಿಲೆ ಅಂತ ಬರ್ಕೊಂಡರು.

ಆ ಸಾಲು ತಿದ್ದೋಕೆ ಆಗುತ್ತಾ ಅಂತ ಡಾಕ್ಟರ್ ಸತ್ಯವತಿಯವರನ್ನು ಕೇಳಿದೆ. ಹಳೇದನ್ನ ಅಳಿಸೋ ಹಾಗಿಲ್ಲ, ಹೊಸದಾಗಿ ಏನಾದರೂ ಹೇಳೋದಿದ್ದರೆ ಇವತ್ತಿನ ತಾರೀಕು ಹಾಕಿ ಕೆಳಗೆ ಸೇರಿಸಬಹುದು ಅಂದರು. ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ. ನಿನ್ನ ಭಾವನಿಗೆ ಹೇಳಿದರೆ, ಗುರುವಾರ ಬೀಗರು ಬರೋದು ಇಟ್ಟುಕೊಂಡು ಈ ವಾರವೇ ಯಾಕೆ ಇದು, ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನನಗೂ ಭಯ ಇದೆ. ಗುಡಿಯಲ್ಲಿ ಕೂತು ಹೂವು ಕಟ್ಟೋವಾಗ ಮೂರು ದಿನದಿಂದ ಎಣಿಕೆ ತಪ್ತಾ ಇದೆ.

ಈಗ ನಿನ್ನ ವಿಷಯ. ಫಾರಂ ಇದರ ಜೊತೆ ಇಟ್ಟಿದ್ದೀನಿ, ಕನ್ನಡದಲ್ಲೇ ಇದೆ. ಒಪ್ಪಿಗೆ ಇದೆ, ಒಪ್ಪಿಗೆ ಇಲ್ಲ, ಅಂತ ಎರಡು ಚೌಕ. ಬೇಡ ಅಂದರೆ ನಿನ್ನ ಔಷಧಿಗಾಗಲಿ ಆಸ್ಪತ್ರೆಗೆ ಹೋಗಿ ಬರೋದಕ್ಕಾಗಲಿ ಏನೂ ತೊಂದರೆ ಇಲ್ಲ. ಇದನ್ನು ರಾಗಿಣಿ ಮೂರು ಸಲ ಹೇಳಿದಳು. ಈಗ ಹೂಂ ಅಂದು ಆಮೇಲೆ ಬೇಡ ಅನ್ನಿಸಿದರೆ ಹಿಂದಕ್ಕೆ ತಗೋಬಹುದು, ಆದರೆ ಅಷ್ಟರೊಳಗೆ ಲೆಕ್ಕಕ್ಕೆ ಸೇರಿಹೋದದ್ದನ್ನ ಬೇರೆ ಮಾಡೋಕೆ ಬರಲ್ಲವಂತೆ. ಅದನ್ನು ನಾನೇ ಕೆದಕಿ ಕೇಳಿದ್ದು. ಈ ತಿಂಗಳ ಕೊನೆಯೊಳಗೆ ತಲುಪಬೇಕು. ನಾನು ಹೂಂ ಅನ್ನು ಅಂತ ಹೇಳಲ್ಲ, ಬೇಡ ಅನ್ನು ಅಂತಲೂ ಹೇಳಲ್ಲ. ಹೋದ ಸಲ ನಿನ್ನ ಕೇಳದೆ ನಿನ್ನ ಬಗ್ಗೆ ಹೇಳಿದೆ, ನೀನು ಕೇಳಿದಾಗ ದೇವರ ಮೇಲೆ ಆಣೆ ಇಟ್ಟು ಇಲ್ಲ ಅಂದೆ. ಈ ಸಲ ಮುಂಚೆ ಕೇಳ್ತಾ ಇದ್ದೀನಿ. ಆ ಆಣೆಗೆ ತಪ್ಪುಕಾಣಿಕೆ ಸ್ವಾಮಿಗೆ ತೆಗೆದಿಟ್ಟಿದ್ದೀನಿ, ಆದರೆ ಅದರಿಂದ ತೀರೋದು ಅವನ ಬಾಕಿ, ನಿನ್ನದಲ್ಲ.

ಸಾವನದುರ್ಗದ ಸ್ವಾಮಿ ನಿನ್ನ ನಿದ್ದೆಯನ್ನು ಕಾಯಲಿ, ಕೈ ನಡುಕ ಇಳಿಸಲಿ. ನಿನ್ನ ಭಾವ, ದೀಪ್ತಿ ಇಬ್ಬರೂ ಕೇಳಿದ್ದಾರೆ. ನಾಣಿಗೆ ಉಪ್ಪಿನ ವಿಷಯ ನಾನು ಹೇಳಿದೆ ಅಂತಲೇ ಹೇಳು.

ಇಂತಿ ನಿನ್ನ ಅಕ್ಕ,
ಕುಸುಮಾ

ಮರೆತ ಮಾತು: ಇವತ್ತು ಮಂಗಳವಾರ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಟಪಾಲು ತೆಗೆಯೋ ಹೊತ್ತಾಯಿತು, ಬೇಗ ಬರೀತೀನಿ. ನಿನ್ನೆ ಸಂಜೆ ದೀಪ ಹಚ್ಚುವಾಗ ದೀಪ್ತಿಗೆ ಎಲ್ಲ ಹೇಳಿಬಿಟ್ಟೆ. ಮಾಮನಿಗೆ ಗೊತ್ತಿತ್ತಾ ಅಂದಳು. ನಿನಗೆ ಹಾಲು ಕುಡಿಸಿದವರು ಯಾರು ಅಂದುಕೊಂಡಿದ್ದೀಯ ಅಂದೆ. ನನ್ನ ಕೈಯಿಂದ ಕಡ್ಡಿಪೆಟ್ಟಿಗೆ ತಗೊಂಡು ಉಳಿದ ದೀಪ ಅವಳೇ ಹಚ್ಚಿದಳು. ಗುರುವಾರ ಬರೋರಿಗೆ ಹೇಳಲಾ ಬೇಡವಾ ಅಂತ ಕೇಳಿದ್ದಕ್ಕೆ, ಅದು ನಿನ್ನ ವಿಷಯ ಅಮ್ಮ, ಹೇಳೋದು ಬಿಡೋದು ನಿನಗೆ ಬಿಟ್ಟದ್ದು ಅಂದಳು. ಹೇಳ್ತೀನಿ, ಉಪ್ಪಿಟ್ಟು ಕೊಡೋ ಮುಂಚೆಯೇ ಹೇಳ್ತೀನಿ. ಇವತ್ತು ಬೆಳಿಗ್ಗೆ ಅವಳನ್ನೇ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ ಆ ಪುಟದ ಕೆಳಗೆ ಬರೆಸಿ ಬಂದೆ. ಅಕ್ಕನಿಗೆ ಹೆರಿಗೆಯಾದ ಮೇಲೆ ಎಂಟು ತಿಂಗಳು ಮನಸ್ಸಿನ ಕಾಯಿಲೆ ಇತ್ತು, ತಮ್ಮನಿಗೆ ಗೊತ್ತಿತ್ತು, ಅಕ್ಕನಿಗೋಸ್ಕರ ಬಾಯಿ ಬಿಡಲಿಲ್ಲ, ಅಂತ. ನೀನು ಫಾರಮ್ಮಿನಲ್ಲಿ ಬೇಡ ಅಂದರೂ ಅದು ನಿನ್ನ ಫೈಲಿನಲ್ಲಿ ಇರುತ್ತೆ. ಹೂಂ ಅಂದರೆ ನಿನ್ನ ಹೆಸರಿನ ಜೊತೆ ನನ್ನ ಹೆಸರನ್ನೂ ಅಳಿಸ್ತಾರಂತೆ. ನನ್ನದು ಇದ್ದರೂ ಪರವಾಗಿಲ್ಲಮ್ಮ ಅಂತ ರಾಗಿಣಿಗೆ ಅಂದೆ. ಆಗಲ್ಲ ಆಂಟಿ, ನಿಮ್ಮ ಹೆಸರಿದ್ದರೆ ನಿಮ್ಮ ತಮ್ಮನ ಗುರುತೂ ಸಿಗುತ್ತೆ, ಆದರೆ ಅಕ್ಕ ಅನ್ನೋದನ್ನ ಅಳಿಸಲ್ಲ, ಅದು ಇರುತ್ತೆ ಅಂದಳು. ಅದು ಇರಲಿ ಅಂದೆ.