ಊಟದ ಹೊತ್ತಿಗೆ ಬೊಗಳುವ ನಾಯಿ

ಜೂನ್ 8, ಶನಿವಾರ

ಡೆಂಟಿಸ್ಟ್ ಮನೆಯ ಸೋಫಾ ಇನ್ನೂ ಮುಗಿದಿಲ್ಲ. ಸ್ಪ್ರಿಂಗ್ ಕೂರಿಸಿದ್ದಾಯಿತು, ಮೇಲೆ ಗೋಣಿಬಟ್ಟೆ ಹೊಡೆಯುತ್ತಿದ್ದೆ. ಕೈಗೆ ಬೇಗ ಸಿಗಲೆಂದು ಬಾಯಿ ತುಂಬ ಮೊಳೆ. ಅಷ್ಟರಲ್ಲಿ ದೊರೆಸಾನಿ ಬಂದಳು. ಹನ್ನೊಂದು ವರ್ಷದ ಮಗಳಿಗೆ ನಾನಿಟ್ಟ ಹೆಸರು, ನಡವಳಿಕೆಗೆ ತಕ್ಕದ್ದು. ಬ್ಯಾಗು ಮೂಲೆಗೆಸೆದು ಕಟಿಂಗ್ ಟೇಬಲ್ ಹತ್ತಿ ಕೂತಳು.

"ಅಪ್ಪಾ, ಒಂದು ನಾಯಿ ತಗೊಳ್ಳೋಣ್ವಾ?"

"ಹೂಂ."

ಬಾಯಲ್ಲಿ ಮೊಳೆ ಇದ್ದಾಗ ನನ್ನಿಂದ ಹೊರಡುವುದು ಎರಡೇ ಉತ್ತರ — ಹೂಂ, ಉಹೂಂ. ವಾದ ಮಾಡಲಾಗುವುದಿಲ್ಲ. ಅವಳಿಗದು ಚೆನ್ನಾಗಿ ಗೊತ್ತು. ಕೇಳಬೇಕಾದ್ದನ್ನೆಲ್ಲ ಆ ಹೊತ್ತು ನೋಡಿಕೊಂಡೇ ಕೇಳುತ್ತಾಳೆ. ಸೈಕಲ್ ಗಿಟ್ಟಿಸಿದ್ದೂ ಹೀಗೆಯೇ.

ಮೊಳೆ ಖಾಲಿಯಾದ ಮೇಲೆ ಬುದ್ಧಿ ಬಂತು. ನಾಯಿಯೆಂದರೆ ಹುಡುಗಾಟವೇ? ಮುಂದಿನ ರೂಮು ಅಂಗಡಿ, ಹಿಂದಿನದು ಮನೆ, ನಡುವೆ ಒಂದು ಪರದೆ. ನೆಲದ ತುಂಬ ಮೊಳೆ, ಫೋಮ್ ಚೂರು. ಬೇಡವೆನ್ನಲು ಕಾರಣ ಬೇಕಾದಷ್ಟಿವೆ.

ಆದರೂ... ಶನಿವಾರ, ಭಾನುವಾರ ಮಾತ್ರ ಅವಳು ನನ್ನ ಹತ್ತಿರ. ಉಳಿದ ದಿನವೆಲ್ಲ ಅವಳ ಅಮ್ಮನ ಮನೆ. ಬೇರೆಯಾದಾಗ ಹಾಗೆಂದು ತೀರ್ಮಾನವಾಗಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಹೋದ ತಿಂಗಳು ಒಂದು ವಾರ ಬರಲಿಲ್ಲ — ಗೆಳತಿಯ ಹುಟ್ಟುಹಬ್ಬ. ಬೆಳೆಯುತ್ತಿದ್ದಾಳೆ. ಹೀಗೇ ಒಂದೊಂದಾಗಿ ಶನಿವಾರಗಳು ಕೈಬಿಟ್ಟು ಹೋಗುತ್ತವೇನೋ ಎಂದು ಭಯ. ಇಲ್ಲಿ ನಾಯಿ ಇದ್ದರೆ ತಪ್ಪಿಸಲಾರಳು. ಸ್ವಾರ್ಥವೇ ಸರಿ. ಯಾರು ಓದುತ್ತಾರೆ ಇದನ್ನು.

ಜೂನ್ 9, ಭಾನುವಾರ

ಯಾವ ಜಾತಿಯ ನಾಯಿ ಎಂಬ ಚರ್ಚೆ. ಎರಡು ವರ್ಷದಿಂದ ಅವಳ ಪೆನ್ಸಿಲ್ ಬಾಕ್ಸಿನ ಮೇಲೆ ಪಾಮೆರೇನಿಯನ್ ಚಿತ್ರವಿದೆ. ಅದೇ ಇರಬೇಕು ಅಂದುಕೊಂಡೆ.

"ಛೇ, ಅದೆಲ್ಲ ಚಿಕ್ಕೋಳಿದ್ದಾಗ," ಅಂದಳು.

"ಹಾಗಾದ್ರೆ ಲ್ಯಾಬ್ರಡಾರ್? ಮಕ್ಕಳ ಜೊತೆ ತುಂಬಾ ಚೆನ್ನಾಗಿ ಹೊಂದ್ಕೊಳ್ಳುತ್ತಂತೆ."

"ಮಕ್ಕಳ ಮಾತು ಯಾಕೆ ಬಂತೀಗ?"

ಪೆಚ್ಚಾದೆ. ಮಕ್ಕಳ ಮಾತು ಬರದೆ ಇನ್ನಾರ ಮಾತು ಬರಬೇಕು? ಅವಳೋ ನನ್ನನ್ನೇ ವಿಚಾರಣೆಗೆ ನಿಲ್ಲಿಸಿದಳು. ಎಷ್ಟು ಹೊತ್ತಿಗೆ ಏಳ್ತೀಯ, ಅಂಗಡಿ ಬಿಟ್ಟು ಆಚೆ ಯಾವಾಗ ಹೋಗ್ತೀಯ, ಬುಧವಾರ ಯಾರ ಜೊತೆ ಮಾತಾಡ್ದೆ. ಬುಧವಾರ? ಫೋಮ್ ತಂದವನ ಜೊತೆ. "ಏನಂದೆ?" — "ಅಲ್ಲಿ ಇಳಿಸು ಅಂದೆ."

ಅವಳು ನಗಲಿಲ್ಲ. ನಗುತ್ತಾಳೆಂದು ಹೇಳಿದ್ದೆ.

ಜೂನ್ 12, ಬುಧವಾರ

ನಾಯಿ ಬೆಕ್ಕುಗಳ ಕ್ಲಿನಿಕ್ಕಿನ ಬೆಂಚು ಅಳತೆಗೆ ಹೋಗಿದ್ದೆ. ರೆಕ್ಸಿನ್ ಪೂರ್ತಿ ಪರಚಿ ಹಾಕಿವೆ. ಡಾಕ್ಟರಮ್ಮ ಒಳ್ಳೆಯವರು, ಮಾತುಗಾರ್ತಿ. ನಾಯಿ ವಿಷಯ ಎತ್ತಿದೆ.

"ಜಾತಿ ಆಮೇಲೆ ಆರಿಸಿ. ನಿಮ್ಮ ದಿನ ಹೇಗಿರುತ್ತೆ ಅನ್ನೋದು ಮೊದಲು ಹೇಳಿ. ಜನ ನಾಯಿ ಮುಖ ನೋಡ್ಕೊಂಡು ತರ್ತಾರೆ. ಆಮೇಲೆ ಮನೆಗೂ ಅದಕ್ಕೂ ಆಗ್ಬರಲ್ಲ."

ಒಪ್ಪಿದೆ. ನನ್ನ ಕಸುಬಿನಲ್ಲೂ ಅದೇ. ಕುರ್ಚಿಗೆ ಅಳತೆ ತೆಗೆಯುವಾಗ ಆರ್ಡರ್ ಕೊಟ್ಟವರನ್ನು ಕೂರಿಸುವುದಿಲ್ಲ, ದಿನಾ ಅದರಲ್ಲಿ ಯಾರು ಕೂರುತ್ತಾರೋ ಅವರನ್ನು ಕರೆಸುತ್ತೇನೆ. ಮನೆಯಲ್ಲಿ ಹೇಗೆ ಕೂರುತ್ತೀರೋ ಹಾಗೇ ಕೂತುಕೊಳ್ಳಿ ಅನ್ನುತ್ತೇನೆ. ಮೊದಲು ಎಲ್ಲರೂ ಫೋಟೋಗೆ ಕೂತ ಹಾಗೆ ನೆಟ್ಟಗೆ ಕೂರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟರೆ ತಾವಾಗಿ ಕುಸಿಯುತ್ತಾರೆ. ಆಗ ಟೇಪು ಹಿಡಿಯಬೇಕು.

ಇಲ್ಲಿ ಕೂರುವವಳು ದೊರೆಸಾನಿ. ಅವಳ ಅಳತೆಗೆ ನಾಯಿ ಬೇಕು. ಶಾಂತ ಸ್ವಭಾವದ್ದು, ಮಕ್ಕಳನ್ನು ಕಂಡರೆ ಪ್ರಾಣ ಬಿಡುವಂಥದ್ದು, ವಾರದ ಮಧ್ಯೆ ನನ್ನ ಕೆಲಸಕ್ಕೆ ಅಡ್ಡ ಬರದೆ ಮೂಲೆಯಲ್ಲಿ ಮಲಗುವಂಥದ್ದು. ಇಷ್ಟು ಸುಲಭವಿದೆಯಲ್ಲ.

ಜೂನ್ 15, ಶನಿವಾರ

ಸುಲಭವಿಲ್ಲ.

ಬೆಂಚು ಕೂರಿಸಲು ದೊರೆಸಾನಿಯೂ ಜೊತೆಗೆ ಬಂದಳು. ನಾನು ಸ್ಕ್ರೂ ಬಿಗಿಯುತ್ತಿದ್ದರೆ ಇವಳು ಡಾಕ್ಟರಮ್ಮನ ಮುಂದೆ.

"ಊಟ ಲೇಟಾದ್ರೆ ಗಲಾಟೆ ಮಾಡೋ ನಾಯಿ ಯಾವ್ದು ಡಾಕ್ಟರ್?"

"ಎಲ್ಲರೂ ಗಲಾಟೆ ಮಾಡ್ದೇ ಇರೋದನ್ನ ಕೇಳ್ತಾರಪ್ಪ. ನಿಂದೇನಮ್ಮ ಉಲ್ಟಾ?"

"ವಾಕಿಂಗ್ ಕರ್ಕೊಂಡು ಹೋಗೋವರೆಗೂ ಪ್ರಾಣ ತಿನ್ನೋದು? ಅದನ್ನ ಒಂದನ್ನೇ ಬಿಟ್ಟು ಕೂತ್ರೆ ಸುಮ್ನಿರದೇ ಇರೋದು? ಬಾಗ್ಲಿಗೆ ಯಾರು ಬಂದ್ರೂ ಹೇಳೋದು?"

ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೀಗಲ್ ಕಣಮ್ಮ. ನೀನು ಕೇಳಿದ್ದೆಲ್ಲ ಇದೆ, ಕೇಳದೇ ಇರೋದೂ ಇದೆ. ನಿಮ್ಮಪ್ಪನ ಫೋಮ್ ಎಲ್ಲ ಹೊಟ್ಟೆಗೆ ಹಾಕ್ಕೊಳ್ಳುತ್ತೆ ಅಷ್ಟೇ." ಆಮೇಲೆ ನನ್ನ ಕಡೆ ತಿರುಗಿ, "ಯೋಚನೆ ಮಾಡಿ. ಆಮೇಲೆ ಗೋಳಾಡ್ಕೊಂಡು ಬಂದ್ರೆ ನನ್ನ ಕೇಳಬೇಡಿ" ಅಂದರು.

ದಾರಿಯುದ್ದಕ್ಕೂ ಯೋಚನೆ ಮಾಡಿದೆ. ತಲೆಬುಡ ತಿಳಿಯಲಿಲ್ಲ. ವಾರದಲ್ಲಿ ಐದು ದಿನ ಆ ಗಲಾಟೆ ಕೇಳುವವನು ನಾನು. ವಾಕಿಂಗಿಗೆ ಹೋಗುವವನೂ ನಾನು. ಇವಳಿಗೇನು ಲಾಭ?

ಜೂನ್ 16, ಭಾನುವಾರ

ಫೋನಿನಲ್ಲಿ ಪಗ್ ನಾಯಿಯ ಚಿತ್ರ ತೋರಿಸಿದೆ. "ಗೊರಕೆ ಹೊಡ್ಕೊಂಡು ಬಿದ್ದಿರುತ್ತೆ." ಬೇಡ. ಬ್ಯಾಸೆಟ್ ಹೌಂಡ್ — ನೆಲಕ್ಕೆ ತಾಗುವ ಕಿವಿ, ಮುದ್ದು ಮುಖ, ಅಲ್ಲಾಡುವುದೇ ಇಲ್ಲವಂತೆ. "ಅಲ್ಲಾಡದೇ ಇರೋರು ಈ ಮನೇಲಿ ಒಬ್ಬರು ಸಾಕು." ಅಂದರೆ ಏನರ್ಥ? ಮುನಿಸಿಕೊಂಡೆ. ಅವಳೂ ಮುನಿಸಿಕೊಂಡಳು. ಪರದೆಯ ಆಚೆಗೊಬ್ಬರು, ಈಚೆಗೊಬ್ಬರು. ಎರಡೇ ದಿನ ಸಿಗುವುದು, ಅದರಲ್ಲೂ ಅರ್ಧ ದಿನ ನಾಯಿಯ ಪಾಲಾಯಿತು, ಇನ್ನೂ ಬಂದಿರದ ನಾಯಿಯ ಪಾಲು.

ಸಂಜೆ ಬಿಡಲು ಹೋದಾಗ ಗೇಟಿನ ಹತ್ತಿರ ಕೈ ಬಿಡಲೇ ಇಲ್ಲ. ಯಾವತ್ತೂ ಟಾಟಾ ಅಂದವಳೇ ಓಡುತ್ತಿದ್ದಳು. ಅದೂ ಅರ್ಥವಾಗಲಿಲ್ಲ.

ಜೂನ್ 20, ಗುರುವಾರ

ಮಧ್ಯಾಹ್ನ ಅವಳ ಅಮ್ಮನ ಫೋನು. ಸ್ಪೀಕರ್ ಹಾಕಿ ಸೋಫಾ ಮೇಲಿಟ್ಟು ಕೆಲಸ ಮುಂದುವರಿಸಿದೆ. ಸಾಮಾನ್ಯವಾಗಿ ಫೀಸು, ಜ್ವರ, ಹೋಂವರ್ಕು, ಇಷ್ಟೇ. ಬಾಯಲ್ಲಿ ಮೊಳೆ.

"ಮೂರು ಹೊತ್ತೂ ಬೀಗಲ್, ಬೀಗಲ್ ಅಂತಿದ್ದಾಳೆ. ಇದೆಲ್ಲ ಏನು? ನಾವು ಊರು ಬಿಡ್ತೀವಿ ಅಂತ ಗೊತ್ತಾದ್ಮೇಲೆ ನಾಯಿ ಆಸೆ ತೋರಿಸೋದಾ? ಅವಳನ್ನ ಇಲ್ಲೇ ಕಟ್ಟಿ ಹಾಕೋಣ ಅಂತಾನಾ? ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ."

ಮೊಳೆಗಳನ್ನೆಲ್ಲ ಅಂಗೈಗೆ ಉಗಿದೆ. "ಯಾವ ಊರು ಬಿಡೋದು?"

ಆ ಕಡೆಯ ದನಿ ಇಳಿಯಿತು. "ಅವಳು... ಹೇಳ್ಲಿಲ್ವಾ?"

ಪ್ರಮೋಷನ್ ಅಂತೆ. ಹೆಡ್ ಆಫೀಸಿಗೆ ವರ್ಗ. ರೈಲಿನಲ್ಲಿ ಪೂರ್ತಿ ಒಂದು ದಿನದ ದಾರಿ. ಜುಲೈ ಮಧ್ಯದಲ್ಲಿ ಹೊರಡಬೇಕು. ದೊರೆಸಾನಿಗೆ ಅಲ್ಲಿ ಶಾಲೆಯೂ ಸಿಕ್ಕಿದೆ. ಮೇ ತಿಂಗಳಲ್ಲೇ ಸುಳಿವು ಇತ್ತು. "ಆರ್ಡರ್ ಕೈಗೆ ಬಂದ್ಮೇಲೆ ನಾನೇ ಹೇಳ್ತೀನಿ, ಅಲ್ಲಿವರೆಗೂ ಸುಮ್ನಿರು ಅಂದಿದ್ದೆ ಅವಳಿಗೆ. ಆದ್ರೂ ಹೇಳಿರ್ತಾಳೆ ಅಂದ್ಕೊಂಡೆ. ತಪ್ಪಾಯ್ತು."

"ನಾಯೀನ ಅಲ್ಲಿಗೆ ಕರ್ಕೊಂಡು ಹೋಗೋ ಯೋಚನೆ ಇರಬಹುದು ಅವಳಿಗೆ" ಅಂದೆ. ಏನಾದರೂ ಮಾತಾಡಬೇಕಿತ್ತು.

"ಅಲ್ಲಿ ಕ್ವಾರ್ಟರ್ಸಲ್ಲಿ ನಾಯಿ ಸಾಕೋ ಹಾಗಿಲ್ಲ. ಅದೂ ಗೊತ್ತು ಅವಳಿಗೆ."

ಮಗಳನ್ನು ರಜೆಗೆ ಇಲ್ಲಿಗೆ ಕಳಿಸುತ್ತಾಳಂತೆ. ದಸರಾ, ಬೇಸಿಗೆ, ಎರಡೂ ರಜೆಗೆ. ಕೆಟ್ಟವಳಲ್ಲ ಅವಳು. ಪ್ರಮೋಷನ್ನಿಗೆ ಎಷ್ಟು ದುಡಿದಿದ್ದಾಳೆಂದು ನನಗೆ ಗೊತ್ತು. ಕಂಗ್ರಾಜುಲೇಷನ್ಸ್ ಅಂದೆನೇ? ನೆನಪಿಲ್ಲ.

ಜೂನ್ 21, ಶುಕ್ರವಾರ

ಡೆಂಟಿಸ್ಟ್ ಸೋಫಾದ ಬಟ್ಟೆ ಉಲ್ಟಾ ಹೊಲಿದಿದ್ದೇನೆ. ಬಿಚ್ಚಬೇಕು.

ಹೋಗುವುದು ಗೊತ್ತು. ನಾಯಿ ಕರೆದೊಯ್ಯಲಾಗದೆಂದೂ ಗೊತ್ತು. ಮತ್ತೆ ನಾಯಿ ಯಾತಕ್ಕೆ? ಬಿಟ್ಟು ಹೋಗುವ ಮನೆಗೆ ಯಾರಾದರೂ ಹೊಸ ಕುರ್ಚಿ ಮಾಡಿಸುತ್ತಾರೆಯೇ? ಎಷ್ಟು ಕೂಡಿಸಿ ಕಳೆದರೂ ಲೆಕ್ಕ ಹತ್ತುತ್ತಿಲ್ಲ. ನನಗೋ ಮನಸ್ಸೇ ಹತ್ತುತ್ತಿಲ್ಲ ಯಾವುದಕ್ಕೂ.

ಜೂನ್ 22, ಶನಿವಾರ

ಬಂದಳು. ಬ್ಯಾಗು ಎಸೆಯಲಿಲ್ಲ, ಮೆಲ್ಲಗೆ ಇಟ್ಟಳು. ಅಮ್ಮ ಹೇಳಿರಬೇಕು.

"ನಾಯಿ ಯಾಕೆ ಬೇಕು ನಿನಗೆ? ನಿಜ ಹೇಳು."

ಅವಳು ಮೊಳೆ ಡಬ್ಬಿ ತಂದು ನನ್ನ ಮುಂದೆ ಹಿಡಿದಳು.

"ಮೊದ್ಲು ಬಾಯಿಗೆ ಹಾಕ್ಕೋ. ಇಲ್ದಿದ್ರೆ ಮಧ್ಯೆ ಮಧ್ಯೆ ಮಾತಾಡ್ತೀಯ."

ಹಾಕಿಕೊಂಡೆ. ಏನು ಮಾಡುವುದು.

"ನಾನು ಬಂದಾಗ ಮಾತ್ರ ನೀನು ಕೂತ್ಕೊಂಡು ಊಟ ಮಾಡ್ತೀಯ. ಭಾನುವಾರ ನಾನು ತಂದಿಟ್ಟಿದ್ದ ಬ್ರೆಡ್ಡು ಶನಿವಾರ ಬಂದ್ರೂ ಹಾಗೇ ಇರುತ್ತೆ, ಬೂಷ್ಟು ಹಿಡ್ದು. ಹೌದು ತಾನೇ?"

"ಹೂಂ."

"ಮೆಷಿನ್ ಸದ್ದಲ್ಲಿ ಬೆಲ್ಲು ಕೇಳ್ಸಲ್ಲ. ಯಾರಾದ್ರೂ ಬಂದ್ರೂ ವಾಪಸ್ ಹೋಗ್ತಾರೆ. ಫೋಮ್ ಅಂಕಲ್ ಬಿಟ್ರೆ ಯಾರ ಹತ್ರಾನೂ ಮಾತಾಡಲ್ಲ. ಆಚೆ ಹೋಗೋದು ನನ್ನ ಬಿಡೋಕೆ ಬರೋವಾಗ ಮಾತ್ರ. ಇನ್ಮೇಲೆ ಅದೂ ಇರಲ್ಲ." ಡಬ್ಬಿಯನ್ನು ಇನ್ನೂ ಹತ್ತಿರ ಹಿಡಿದಳು. "ಸುಮ್ನೆ ಮಲ್ಕೊಂಡಿರೋ ನಾಯಿ ತಂದ್ರೆ ನೀನೂ ಅದೂ ಸೇರ್ಕೊಂಡು ಸುಮ್ನೆ ಇದ್ಬಿಡ್ತೀರ. ಅದಕ್ಕೇ ಬೀಗಲ್. ಅದು ಬಿಡಲ್ಲ ನಿನ್ನ. ನಂಗಲ್ಲ ಅಪ್ಪಾ ನಾಯಿ, ನಿಂಗೆ."

ಬಾಯಲ್ಲಿ ಮೊಳೆ ಇಟ್ಟುಕೊಂಡು ಅಳುವುದು ಬಹಳ ಕಷ್ಟ. ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದೆ. ಅವಳು ಡಬ್ಬಿ ಹಿಡಿದೇ ನಿಂತಿದ್ದಳು.

ಇಷ್ಟು ವರ್ಷ ಕಂಡವರ ಬೆನ್ನು, ಸೊಂಟ ಎಲ್ಲ ಅಳೆದೆ. ಇಲ್ಲಿ ಕೂರುವವರು ಯಾರೆಂಬುದನ್ನೇ ತಪ್ಪು ತಿಳಿದೆ. ನನ್ನ ಮಗಳು ನನ್ನನ್ನು ಕೂರಿಸಿಕೊಂಡು, ಕುಸಿಯುವ ತನಕ ಕಾದು, ಅಳತೆ ತೆಗೆದಿದ್ದಾಳೆ. ಹೆಮ್ಮೆ. ನಾಚಿಕೆ. ಸಂಕಟ. ಯಾವುದು ಎಷ್ಟು ಅಂತ ಗೊತ್ತಾಗುತ್ತಿಲ್ಲ.

ಜುಲೈ 6, ಶನಿವಾರ

ಬಹಳ ದಿನ ಬರೆಯಲಾಗಲಿಲ್ಲ. ಬರೆಯಲು ಕೂತರೆ ಅವರು ಹೊರಡುವ ಹದಿನಾಲ್ಕನೇ ತಾರೀಕು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ನಾಯಿ ಬಂದಿದೆ. ಡಾಕ್ಟರಮ್ಮ ಫೋನ್ ಮಾಡಿದ್ದರು — ಮೂರು ವರ್ಷದ ಬೀಗಲ್, ಗಲಾಟೆ ತಡೆಯಲಾರದೆ ಅಕ್ಕಪಕ್ಕದವರು ದೂರು ಕೊಟ್ಟು, ಸಾಕಿದವರೇ ಕ್ಲಿನಿಕ್ಕಿಗೆ ತಂದು ಬಿಟ್ಟಿದ್ದಾರೆ. "ಗಲಾಟೆ ಬೇಕು ಅಂದಿದ್ದಳಲ್ಲ ನಿಮ್ಮ ಮಗಳು?"

ನೋಡಲು ಹೋದೆವು. ದೊರೆಸಾನಿ ಅದನ್ನು ಮುದ್ದು ಮಾಡಲೇ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಳು. ಹಗ್ಗ ನನ್ನ ಕೈಗೆ ಕೊಟ್ಟಳು. ನಾಯಿ ನನ್ನ ಪ್ಯಾಂಟು ಮೂಸಿತು, ಜೇಬಿಗೆ ಮೂತಿ ತೂರಿಸಿತು, ಅಲ್ಲಿದ್ದ ಫೋಮ್ ಚೂರೊಂದನ್ನು ಎತ್ತಿಕೊಂಡಿತು. "ಆಯ್ತು, ಇದೇ" ಅಂದಳು. ಇಂಟರ್‌ವ್ಯೂ ಮುಗಿದ ಹಾಗೆ.

ಹೆಸರು ಮ್ಯಾನೇಜರ್. ಅವಳೇ ಇಟ್ಟದ್ದು.

ಸಂಜೆ ಪೂರ್ತಿ ದಾರಕ್ಕೆ ಅಯಸ್ಕಾಂತ ಕಟ್ಟಿ ಅಂಗಡಿಯ ನೆಲದ ಮೇಲೆಲ್ಲ ಎಳೆದಳು. ಟೇಬಲ್ ಕೆಳಗೆ, ಮೆಷಿನ್ ಹಿಂದೆ, ಮಂಚದಡಿ. ಎಷ್ಟು ಮೊಳೆ! "ದಿನಾ ಎಳೀಬೇಕು ಅಪ್ಪಾ, ಅದರ ಕಾಲಿಗೆ ಚುಚ್ಚುತ್ತೆ." ಸರಿ ಅಂದೆ. "ಪ್ರಾಮಿಸ್?" ಬಾಯಲ್ಲಿ ಮೊಳೆ ಇರಲಿಲ್ಲ. ಆದರೂ ಹೂಂ ಅಂತಲೇ ಬಂತು.

ಜುಲೈ 14, ಭಾನುವಾರ

ಸ್ಟೇಷನ್ನಿಗೆ ನಾಯಿಯನ್ನೂ ಕರೆದುಕೊಂಡು ಹೋಗಿದ್ದೆ. ಒಬ್ಬನೇ ವಾಪಸು ಬರಬಾರದೆಂದು ಅವಳ ಆಜ್ಞೆ. ಅವಳಮ್ಮ ಬಗ್ಗಿ ಅದರ ತಲೆ ಸವರಿದಳು. "ಚೆನ್ನಾಗಿ ನೋಡ್ಕೋ" ಅಂದಳು. ನನಗೆ ಹೇಳಿದಳೋ ನಾಯಿಗೆ ಹೇಳಿದಳೋ.

ದೊರೆಸಾನಿ ಕಿಟಕಿಯಿಂದ ಕೈಬೀಸಿದಳು. ಅಳಲಿಲ್ಲ. ಮ್ಯಾನೇಜರ್ ಪ್ಲಾಟ್‌ಫಾರ್ಮೆಲ್ಲ ಅದುರುವ ಹಾಗೆ ಊಳಿಟ್ಟಿತು. ಜನ ನನ್ನನ್ನೇ ನೋಡಿದರು. ಬೈಯಲಿಲ್ಲ. ನನ್ನ ಪಾಲಿನದ್ದೂ ಅದೇ ಮುಗಿಸಲಿ ಅಂತ ಬಿಟ್ಟೆ.

ಜುಲೈ 15, ಸೋಮವಾರ

ಬೆಳಿಗ್ಗೆಯೇ ಎಬ್ಬಿಸಿತು. ಪಾರ್ಕಿನ ಸುತ್ತ ಎಳೆದಾಡಿತು. ದರ್ಜಿಯೊಬ್ಬರು ನಿಲ್ಲಿಸಿ ಮಾತಾಡಿಸಿದರು — ಎರಡು ಬೀದಿ ಆಚೆ ಅಂಗಡಿಯಂತೆ, ಇಷ್ಟು ವರ್ಷ ಪರಿಚಯವಿಲ್ಲ.

ಬಂದು ಅಯಸ್ಕಾಂತ ಎಳೆದೆ. ಆಮೇಲೆ ಕೆಲಸಕ್ಕೆ ಕೂತರೆ ಕೈ ಓಡಲಿಲ್ಲ. ಕಟಿಂಗ್ ಟೇಬಲ್ ಮೇಲೆ ಅವಳು ಕೂರುತ್ತಿದ್ದ ಜಾಗ... ಅಲ್ಲಿ ಬಟ್ಟೆ ಹಾಸಲು ಮನಸ್ಸಾಗಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಹಸಿವಿಲ್ಲ. ಇವತ್ತು ಏನೂ ಬೇಡ. ಇವತ್ತೊಂದು ದಿನ ಹೀಗೇ ಇದ್ದುಬಿಡೋಣ ಅಂತ. ಅವಳಿಗೆ ಒಂದು ಮಾತು ಹೇಳಬೇಕಿತ್ತು, ಸ್ಟೇಷನ್ನಿನಲ್ಲಿ ಬಾಯಿಗೆ ಬರಲಿಲ್ಲ. ಏನೆಂದರೆ, ನೀನು ಇಷ್ಟೆಲ್ಲ ಯೋಚಿಸಿ ನನಗೆ

ಶುರುವಾಯಿತು ಮ್ಯಾನೇಜರ್‌ನ ಬೊಗಳು. ಗಂಟೆ ಒಂದು. ತಟ್ಟೆಯನ್ನು ಕಾಲಿನಿಂದ ತಳ್ಳಿಕೊಂಡು ಪರದೆ ದಾಟಿ ಬರುತ್ತಿದೆ. ನನ್ನ ತಟ್ಟೆ, ಅದರದ್ದಲ್ಲ. ಬೀದಿಗೆಲ್ಲ ಕೇಳುವ ಹಾಗೆ... ಇರು ಮಾರಾಯ, ಎದ್ದೆ, ಇಬ್ಬರೂ ತಿನ್ನೋಣ, ಬಂ