ಬಿಸಿಲು ಮೂರು ಗಳ

ಎಂಟನೆಯ ತಿಂಗಳು, ಒಂಬತ್ತು. ಬೆಳಿಗ್ಗೆ
ಕೋಳಿಗೆ ಕಾಳು ಹಾಕಿದೆ. ಮೊಮ್ಮಗಳು ಯಾನ್‌ಲಿಂಗ್‌ಳ ಫೋನ್. ಹೆತ್ತು ವಾರ ದಾಟಿದೆ ಅಷ್ಟೇ. ದನಿಯಲ್ಲಿ ತ್ರಾಣವೇ ಇಲ್ಲ. ಅವಳ ಅತ್ತೆ ದಿನಾ ಅಂಗಳದಲ್ಲಿ ನಿಂತು ಕೂಗುತ್ತಾಳಂತೆ — "ಬಿಸಿಲು ಮೂರು ಗಳ ಏರ್ತು, ಇನ್ನೂ ಬಿದ್ಕೊಂಡಿದೀಯಾ?"

ಮೈ ಉರಿಯಿತು. ಅದು ಸೋಮಾರಿಗಳಿಗೆ ಹೇಳುವ ಮಾತು. ಬಿದಿರಿನ ಗಳ ಮೂರು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರಕ್ಕೆ ಸೂರ್ಯ ಬಂದರೂ ಹಾಸಿಗೆ ಬಿಡದವರಿಗೆ. ನಾನೂ ಮಗನಿಗೆ ಅಂದಿದ್ದೇನೆ, ಕಿವಿ ಹಿಂಡಿ. ಆದರೆ ಬಾಣಂತಿಗೆ? ತಿಂಗಳು ಪೂರ್ತಿ ಮಲಗಲೇಬೇಕಾದವಳಿಗೆ?

ಹತ್ತು
ಮಗ ಗ್ವೇಹನಿಗೆ ಹೇಳಿದೆ. "ತಮಾಷೆಗೆ ಅಂದಿರ್ತಾರೆ ಬಿಡಮ್ಮ." ಅವನದೇ ಮಗಳು. ತಾಯಿಯಿಲ್ಲದ ಹುಡುಗಿ!

"ಇಲ್ಲಿಗೆ ಕರ್ಕೊಂಡು ಬಾ."

"ತಿಂಗಳು ತುಂಬೋಕೆ ಮುಂಚೆ ಬಾಣಂತಿ ತವರಿನ ಹೊಸಿಲು ತುಳಿದ್ರೆ ಮನೆಗೆ ಕೇಡು. ಊರು ಏನನ್ನುತ್ತೆ?"

ಊರಂತೆ. ಊರು ಹೆತ್ತಿತ್ತೇ?

ಹದಿಮೂರು. ಸಂಜೆ
ಹೋಗಿ ಬಂದೆ. ಹೇಳದೆ ಕೇಳದೆ ಹೋದೆ. ಅಂಗಳದ ನಲ್ಲಿಯ ಹತ್ತಿರ ಯಾನ್‌ಲಿಂಗ್ ಸೊಪ್ಪು ತೊಳೆಯುತ್ತಿದ್ದಳು. ತಣ್ಣೀರು! ಬಾಣಂತಿಯ ಕೈ! ಬೆರಳೆಲ್ಲ ಕೆಂಪಗೆ...

ಬೀಗಿತ್ತಿ ಪಾಂಗ್ ನಗುತ್ತ ಬಂದಳು. "ಬನ್ನಿ ಬೀಗ್ರೆ. ಈಗಿನ ಹುಡ್ಗೀರು ನೋಡಿ, ಬಿಸಿಲು ಮೂರು ಗಳ ಏರಿದ್ರೂ ಏಳಲ್ಲ. ಸ್ವಲ್ಪ ಕೈಕಾಲು ಆಡ್ಲಿ ಅಂತ..."

"ನಿಮ್ಮ ಮಗ ಎಲ್ಲಿ?"

"ಮಲಗಿದಾನೆ ಪಾಪ. ರಾತ್ರಿಯೆಲ್ಲ ಮೊಬೈಲು—"

"ಹಾಗಿದ್ರೆ ಆ ಬಾಗ್ಲಲ್ಲಿ ನಿಂತು ಕೂಗಿ. ಆ ಮಾತಿಗೆ ತಕ್ಕ ಕಿವಿ ಅಲ್ಲಿದೆ."

ಹುಡುಗಿಯನ್ನು ಹತ್ತಿಯ ಹೊದಿಕೆಯಲ್ಲಿ ಸುತ್ತಿದೆ. ಕೂಸನ್ನು ನನ್ನ ಎದೆಗೆ ಕಟ್ಟಿಕೊಂಡೆ. ಮೂರು ಚಕ್ರದ ಗಾಡಿ ಹತ್ತಿಸಿ ಕರೆತಂದೆ.

ಇಲ್ಲಿ ಗ್ವೇಹ ಹೊಸಿಲಿಗೆ ಅಡ್ಡ. "ಅಮ್ಮಾ, ಬೇಡ..."

"ಕೇಡು ಬಂದ್ರೆ ನನ್ನ ತಲೆ ಮೇಲೆ ಬರ್ಲಿ. ಸರಿ ಆಚೆ!"

ಸರಿದ. ಮುಖ ಮಾತ್ರ ಹುಳಿ.

ಹದಿನಾಲ್ಕು
ಹುಡುಗಿ ಮಲಗಿದ್ದಾಳೆ. ಮಧ್ಯಾಹ್ನ ಆಗುತ್ತಿದೆ. ಆಗಲಿ. ಕೋಳಿ ಸಾರು ಒಲೆಯ ಮೇಲಿದೆ.

ಬಾಗಿಲು ಬಡಿಯುತ್ತಿದ್ದಾರೆ. ಪಾಂಗ್, ಜೊತೆಗೆ ಅವಳ ಮಗ — ಇವತ್ತು ಬೇಗ ಎದ್ದಿದ್ದಾನೆ ಮಹಾರಾಯ! "ಮಗೂನಾದ್ರೂ ಕೊಡಿ!" ಅಂತೆ. ಸೊಸೆ ಬೇಡ, ಕೂಸು ಬೇಕು. ಥೂ.

ಗ್ವೇಹ ಎದ್ದ. ಚಿಲಕ ತೆಗೆಯುತ್ತಾನೆ ಅಂದುಕೊಂಡೆ. ತೆಗೆಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಮೆತ್ತಗೆ ಮಾತಾಡಿ. ನನ್ನ ಮಗಳು ಮಲಗಿದಾಳೆ" ಅಂದ.

ಬಾಗಿಲು ಅಲ್ಲಾಡುತ್ತಿದೆ. ಒಬ್ಬನೇ ಒತ್ತಿ ಹಿಡಿದಿದ್ದಾನೆ. ನಾನೂ ಹೋಗಿ ಅವನ ಪಕ್ಕ—